ವೃದ್ಧರ ಜ್ಞಾಪಕಶಕ್ತಿಯ ಅಭ್ಯಾಸ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗಳ ಮನೆಗಳಲ್ಲಿ ವೃದ್ಧರು, ಮಾತ್ರೆಯನ್ನು ನುಂಗಿದೆವೋ ಇಲ್ಲವೋ ಎಂದು ಸಂದೇಹಪಡುವದನ್ನು ನಾವು ಕಾಣುತ್ತೇವೆ. ಇದು ನಗತಕ್ಕ ವಿಷಯವಲ್ಲ. ಯಾಕಂದರೆ ಸಕ್ಕರೆ ರೋಗದ ಮಾತ್ರೆಯನ್ನು ಎರಡಾವರ್ತಿ ನುಂಗಿದರೆ ಪ್ರಾಣಾಪಾಯವೂ ಉಂಟಾದೀತು. ಆದದರಿಂದ ಅಭ್ಯಾಸದಿಂದ ಏನು ಸಾಧ್ಯ, ಏನು ಅಸಾಧ್ಯ ಎಂಬದನ್ನು ವಿಚಾರಿಸುವೆವು.

೧. ಮರವೆಯ ಸ್ವಭಾವ. ಹಳೆಯ ನೆನಪು ಕಣಜದಂತೆ, ಹೊಸ ನೆನಪು ಅಂಗೈಯಂತೆ ಇರುವದು. ಅಂಗೈಯಲ್ಲಿ ಕೆಲವೇ ಕಾಳುಗಳು ನಿಲ್ಲುತ್ತವೆ. ಐವತ್ತು ವರುಷದ ಹಿಂದಣ ಸುಗ್ಗಿಯನ್ನು ವಿವರಿಸುವ ಅಜ್ಜಿಯವರು ಬೆಳಿಗ್ಗೆ ಬೀಗದಕೈ ಇಟ್ಟ ಸ್ಥಳವನ್ನು ಹೇಳಲಾರರು. ಇದು ಸುಳ್ಳೂ ಅಲ್ಲ, ಸೋಮಾರಿತನವೂ ಅಲ್ಲ.

೨. ಸಮೀಪದ ದೃಷ್ಟಾಂತ. ಮಳವಳ್ಳಿ ತಾಲೂಕಿನ ಬೊಪ್ಪೇಗೌಡನಪುರದ ಮಠಕ್ಕೆ ನಡೆದುಕೊಳ್ಳುವ ನೀಲಗಾರರು ಪುಸ್ತಕವಿಲ್ಲದೆ ರಾತ್ರಿಯೆಲ್ಲಾ ಮಂಟೇಸ್ವಾಮಿಯ ಕಥೆಯನ್ನು ಹಾಡುವರು. ಹೇಗಂದರೆ, ಕಥೆಯು ಸಾಲುಸಾಲಾಗಿ ವಿಭಾಗವಾಗಿದೆ. ಪಲ್ಲವಿಯು ಮತ್ತೆ ಮತ್ತೆ ಬರುತ್ತದೆ. ಜತೆಗಾರರು ಸೊಲ್ಲು ಕೂಡಿಸುತ್ತಾರೆ. ವಿಭಾಗಿಸುವದು, ಪುನಃ ಹೇಳುವದು, ಜತೆಯಲ್ಲಿ ಹೇಳುವದು ಎಂಬ ಮೂರೂ ನಮಗೆ ಉಪಯುಕ್ತವೇ.

೩. ಅಭ್ಯಾಸದ ಮೇರೆ. ಅಮೇರಿಕಾ ದೇಶದಲ್ಲಿ ೬೫ ವರುಷವೂ ಅದಕ್ಕೆ ಮೇಲೂ ಆದ ೨,೮೦೨ ಮಂದಿಯ ಪರೀಕ್ಷೆಯ ಫಲವು ೨೦೦೨ರಲ್ಲಿ ಪ್ರಕಟವಾಯಿತು. ಅವರಲ್ಲಿ ಒಂದು ಪಂಗಡಕ್ಕೆ ಹತ್ತು ಪಾಠಗಳಲ್ಲಿ ಜ್ಞಾಪಕದ ಉಪಾಯಗಳನ್ನು ಕಲಿಸಿದರು. ಕಲಿತ ವಿಷಯದಲ್ಲಿ ಅವರ ಜ್ಞಾಪಕವು ಹೆಚ್ಚಿತು. ಆದರೆ ಹತ್ತು ವರುಷಗಳ ತರುವಾಯ ಆ ಲಾಭವು ಉಳಿದಿರಲಿಲ್ಲವೆಂದು ೨೦೧೪ರಲ್ಲಿ ತಿಳಿಯಬಂತು. ಆದದರಿಂದ ನಿತ್ಯವೂ ಬೇಕಾದದ್ದನ್ನೇ ಅಭ್ಯಾಸಮಾಡಬೇಕು, ಬಿಡದೆ ಮಾಡಬೇಕು.

೪. ಮನೆಯಲ್ಲಿ ಮಾಡತಕ್ಕದ್ದು.
(ಅ) ಸಂತೆಯ ಎಂಟು ಸಾಮಾನುಗಳನ್ನು ಸಾರಿಗೆ ಇಷ್ಟು, ಒಗ್ಗರಣೆಗೆ ಇಷ್ಟು ಎಂದು ಗುಂಪುಮಾಡಿ ಹೇಳಲಿ.
(ಆ) ಹೊಸ ಹೆಸರನ್ನು ಕೇಳಿದ ಕೂಡಲೆ ಒಮ್ಮೆ, ಸ್ವಲ್ಪ ಹೊತ್ತಿನ ಮೇಲೆ ಒಮ್ಮೆ, ಸಾಯಂಕಾಲ ಒಮ್ಮೆ ನೋಡದೆ ಹೇಳಲಿ.
(ಇ) ಬೀಗದಕೈಗೆ ಒಂದೇ ಮೊಳೆ ಇರಲಿ.
(ಈ) ಮಾತ್ರೆಯ ವಿಷಯದಲ್ಲಿ ಜ್ಞಾಪಕವನ್ನು ನಂಬಬೇಡಿರಿ. ನುಂಗಿದಾಗಲೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ.

೫. ಎಚ್ಚರಿಕೆ. ತನ್ನ ಊರಿನ ದಾರಿಯನ್ನೇ ತಪ್ಪುವದು, ಬಂಧುಗಳ ಗುರುತು ಹತ್ತದಿರುವದು ಬರೇ ಮುಪ್ಪಲ್ಲ. ವೈದ್ಯರ ಬಳಿಗೆ ಕರಕೊಂಡು ಹೋಗಿರಿ. ಬಿ-೧೨ ಜೀವಸತ್ವದ ಕೊರತೆ, ಥೈರಾಯಿಡ್ ದೋಷ, ಕಿವಿಮಂದ, ಮನೋವ್ಯಥೆ ಇವುಗಳಿಂದಲೂ ಮರವೆ ಉಂಟಾಗುವದು; ಇವುಗಳಿಗೆ ಚಿಕಿತ್ಸೆ ಉಂಟು. ಗದರಿಸುವದರಿಂದಲೋ ಯಾರಿಗೂ ನೆನಪು ಬಂದದ್ದಿಲ್ಲ. ಹೆದರಿದ ಮುದುಕರು ತಮ್ಮ ಮರವೆಯನ್ನು ಬಚ್ಚಿಡುವರು, ಆಗ ರೋಗವೂ ಬಚ್ಚಿಟ್ಟಂತಾಗುವದು.

ಪ್ರಶ್ನೆಗಳು: ೧. ನೀಲಗಾರರಿಂದ ಕಲಿಯತಕ್ಕ ಮೂರು ಉಪಾಯಗಳು ಯಾವವು? ೨. ಅಭ್ಯಾಸವನ್ನು ಬಿಡಬಾರದು ಯಾಕೆ? ೩. ನಿಮ್ಮ ಮನೆಯ ಹಿರಿಯರ ಮಾತ್ರೆಯ ಗುರುತನ್ನು ಈ ದಿವಸ ಯಾರು ನೋಡಿದರು?