ಭೂಖರೀದಿಯ ಮಾತುಕತೆ: ದರಕ್ಕಿಂತ ಷರತ್ತು ಮುಖ್ಯ

ಬಿಡದಿ ಪ್ರದೇಶದಲ್ಲಿ ಕಾರ್ಖಾನೆಗೋ ಗೋದಾಮಿಗೋ ಜಮೀನು ಹುಡುಕುವ ಸಣ್ಣ ಉದ್ಯಮಿಗಳ ಗಮನವೆಲ್ಲ ಸಾಮಾನ್ಯವಾಗಿ ಎಕರೆಯ ದರದ ಮೇಲೆಯೇ ಕೇಂದ್ರೀಕೃತವಾಗಿರುತ್ತದೆ. ಆದರೆ ಭೂ ವ್ಯವಹಾರದಲ್ಲಿ ಬಂಡವಾಳ ಕರಗುವುದು ಹೆಚ್ಚಾಗಿ ದರದಿಂದಲ್ಲ, ವಿಳಂಬದಿಂದ ಮತ್ತು ಹಕ್ಕಿನ ದೋಷದಿಂದ. ದಾಖಲೆಗಳನ್ನು ಮೊದಲೇ ಅರಿತು ಷರತ್ತುಗಳನ್ನು ಸಿದ್ಧಪಡಿಸಿಕೊಂಡವನೇ ಮಾತುಕತೆಯಲ್ಲಿ ಮೇಲುಗೈ ಪಡೆಯುತ್ತಾನೆ.

ಬೈರಮಂಗಲದ ಪಾಠ

ಬೈರಮಂಗಲ ಇದಕ್ಕೆ ಉತ್ತಮ ನಿದರ್ಶನ. 2006ರಲ್ಲಿ ಬಿಡದಿ ಉಪನಗರ ಯೋಜನೆ ಪ್ರಕಟವಾದಾಗ ಸುತ್ತಲಿನ ಗ್ರಾಮಗಳ ಭೂಮಿಯ ಮೇಲೆ ಎಲ್ಲರ ಕಣ್ಣು ಬಿದ್ದಿತು. ಯೋಜನೆಗೆ ಆಯ್ಕೆಯಾಗಿದ್ದ ಖಾಸಗಿ ಕಂಪನಿ ಮುಂದೆ ಹಿಂದೆ ಸರಿಯಿತು. ಯೋಜನೆ ವರ್ಷಗಟ್ಟಲೆ ನೆನೆಗುದಿಗೆ ಬಿದ್ದಿತು. 2025ರ ಮಾರ್ಚ್‌ನಲ್ಲಿ ಬೈರಮಂಗಲ, ಕಂಚುಗಾರನಹಳ್ಳಿ ಮೊದಲಾದ ಗ್ರಾಮಗಳ ಜಮೀನಿಗೆ ಸ್ವಾಧೀನದ ಪ್ರಾಥಮಿಕ ಅಧಿಸೂಚನೆ ಹೊರಬಿದ್ದಿತು. ರೈತರು ಪ್ರತಿಭಟನೆಗೆ ಇಳಿದರು.

ಇಂತಹ ಕಡೆ ಮೊದಲು ಕೇಳಬೇಕಾದುದು ‘ದರ ಎಷ್ಟು?’ ಎಂದಲ್ಲ, ‘ಈ ಸರ್ವೆ ನಂಬರು ಅಧಿಸೂಚನೆಯಲ್ಲಿದೆಯೇ?’ ಎಂದು. ಪ್ರಾಥಮಿಕ ಅಧಿಸೂಚನೆಯ ನಂತರ ಜಮೀನು ಕೊಂಡವನು ಸ್ವಾಧೀನವನ್ನು ಪ್ರಶ್ನಿಸಲಾರನೆಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ಅವನಿಗೆ ಉಳಿಯುವುದು ಪರಿಹಾರದ ಹಾದಿ ಮಾತ್ರ. ಕಾರ್ಖಾನೆ ಕಟ್ಟಬೇಕಾದವನಿಗೆ ಅಂತಹ ಜಮೀನು ಅರ್ಧ ಬೆಲೆಗೆ ಸಿಕ್ಕರೂ ದುಬಾರಿಯೇ.

ದಾಖಲೆಯೇ ಬಲ

ಪಹಣಿ, ಮ್ಯುಟೇಷನ್, ಋಣಭಾರ ಪತ್ರಗಳ ಜೊತೆಗೆ ಈ ಕೆಳಗಿನವುಗಳನ್ನು ಅವಶ್ಯವಾಗಿ ಪರಿಶೀಲಿಸಬೇಕು.

1. ಮೂಲ ಮಂಜೂರಾತಿ: ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ಪರಭಾರೆಗೆ 1978ರ ಅಧಿನಿಯಮದಂತೆ ಸರ್ಕಾರದ ಪೂರ್ವಾನುಮತಿ ಬೇಕು. 2023ರ ತಿದ್ದುಪಡಿಯ ನಂತರ ಮರುಸ್ಥಾಪನೆಯ ಅರ್ಜಿಗೆ ಕಾಲಮಿತಿಯ ಅಡ್ಡಿಯಿಲ್ಲ.

2. ವಂಶವೃಕ್ಷ: ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯಿದೆಯಂತೆ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಅವರ ಒಪ್ಪಿಗೆ ಮತ್ತು ಸಹಿಯಿಲ್ಲದ ಕ್ರಯ ಮುಂದೆ ಪಾಲಿನ ದಾವೆಗೆ ದಾರಿಯಾಗಬಹುದು.

3. ಪೋಡಿ: ಒಂದೇ ಸರ್ವೆ ನಂಬರಿನಲ್ಲಿ ಹಲವರ ಹಿಡುವಳಿಯಿದ್ದು ಪೋಡಿಯಾಗದಿದ್ದರೆ, ಕೊಳ್ಳುವ ಭೂಮಿಯ ಗಡಿಯೇ ಅನಿಶ್ಚಿತ.

4. ನೀರು: ಬೆಂಗಳೂರಿನ ಕೊಳಚೆಯನ್ನು ಹೊತ್ತು ತರುವ ವೃಷಭಾವತಿ ಬೈರಮಂಗಲ ಜಲಾಶಯವನ್ನು ಸೇರುತ್ತದೆ. ಆಹಾರ ಸಂಸ್ಕರಣೆ, ಬಣ್ಣಗಾರಿಕೆಯಂತಹ ಘಟಕಗಳವರು ಕರಾರಿಗೆ ಮೊದಲೇ ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸುವುದು ಕ್ಷೇಮ.

ದೋಷ ಕಂಡುಬಂದಲ್ಲಿ ಅದನ್ನು ದರ ತಗ್ಗಿಸುವ ಅಸ್ತ್ರವಾಗಿ ಮಾತ್ರ ಬಳಸಬಾರದು. ಸರಿಪಡಿಸಬಹುದಾದ ದೋಷವನ್ನು ಮಾರುವವರು ಇಂತಿಷ್ಟು ದಿನದೊಳಗೆ ಸರಿಪಡಿಸಬೇಕೆಂಬ ಷರತ್ತು ಹಾಕಬೇಕು. ಸರಿಪಡಿಸಲಾಗದ್ದಾದರೆ ವ್ಯವಹಾರವನ್ನೇ ಕೈಬಿಡಬೇಕು.

ಒಂದು ಸರಳ ಲೆಕ್ಕ

ಜಮೀನಿನ ಬೆಲೆ 1 ಕೋಟಿ ರೂ., ಸಾಲದ ಬಡ್ಡಿ ವಾರ್ಷಿಕ ಶೇ. 12, ಭೂಪರಿವರ್ತನೆ ಮತ್ತು ಪೋಡಿಗೆ ಹಿಡಿಯುವ ಅವಧಿ 18 ತಿಂಗಳು ಎಂದಿಟ್ಟುಕೊಳ್ಳೋಣ. ಪೂರ್ಣ ಹಣವನ್ನು ಮೊದಲೇ ಪಾವತಿಸಿದರೆ ಶೇ. 5 ರಿಯಾಯಿತಿ ಸಿಗುತ್ತದೆ. 95 ಲಕ್ಷದ ಮೇಲಿನ ಸರಳ ಬಡ್ಡಿ 17.10 ಲಕ್ಷ ಸೇರಿ ಒಟ್ಟು ವೆಚ್ಚ 112.10 ಲಕ್ಷ. ರಿಯಾಯಿತಿ ಕೇಳದೆ ಶೇ. 10 ಮುಂಗಡ ಕೊಟ್ಟು, ಉಳಿದುದನ್ನು ಕೆಲಸ ಮುಗಿದ ಮೇಲೆ ಪಾವತಿಸಿದರೆ ಬಡ್ಡಿ 1.80 ಲಕ್ಷ, ಒಟ್ಟು 101.80 ಲಕ್ಷ. ಮಾರುವವರಿಗೆ ಪೂರ್ಣ ಬೆಲೆ ದೊರೆತರೂ ಕೊಳ್ಳುವವನಿಗೆ 10.30 ಲಕ್ಷ ಉಳಿತಾಯ.

ಆದರೆ ಕ್ರಯದ ಕರಾರಿನಿಂದಲೇ ಜಮೀನಿನಲ್ಲಿ ಹಕ್ಕು ಹುಟ್ಟುವುದಿಲ್ಲ ಎಂಬುದನ್ನು ಸ್ವತ್ತು ವರ್ಗಾವಣೆ ಕಾಯಿದೆಯ 54ನೇ ಕಲಂ ಸ್ಪಷ್ಟಪಡಿಸುತ್ತದೆ. ಆದ್ದರಿಂದ ಕರಾರನ್ನು ನೋಂದಾಯಿಸಿ, ಮುಂಗಡವನ್ನು ಬ್ಯಾಂಕಿನ ಮೂಲಕವೇ ಪಾವತಿಸಿ, ಗಡುವು ಮೀರಿದರೆ ಹಣ ಹಿಂದಿರುಗಿಸುವ ವಿಧಾನವನ್ನೂ ಬರೆಸಿಕೊಳ್ಳಬೇಕು.

ಪರ್ಯಾಯ ಕೈಯಲ್ಲಿರಲಿ

ಬೇರೆ ದಾರಿಯಿಲ್ಲದವನು ಮಾತುಕತೆಯಲ್ಲಿ ಸೋಲುತ್ತಾನೆ. ಅಮೆರಿಕದ ರೋಜರ್ ಫಿಷರ್ ಮತ್ತು ವಿಲಿಯಂ ಯೂರಿ 1981ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ್ದೂ ಇದನ್ನೇ: ಒಪ್ಪಂದವಾಗದಿದ್ದರೆ ಏನು ಮಾಡುವುದೆಂಬುದು ಮೊದಲೇ ನಿಶ್ಚಿತವಾಗಿರಬೇಕು. ಬಿಡದಿ ಅಥವಾ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ನಿವೇಶನ, ಬಾಡಿಗೆ ಶೆಡ್ಡು, ಇನ್ನೊಂದು ಗ್ರಾಮದ ಜಮೀನು – ಇವುಗಳ ವೆಚ್ಚವನ್ನು ಲೆಕ್ಕ ಹಾಕಿಟ್ಟುಕೊಂಡವನಿಗೆ ದಲ್ಲಾಳಿಯ ಅವಸರ ಅವಸರವೆನಿಸದು.

ಮಾರುವ ರೈತ ಕುಟುಂಬಕ್ಕೆ ಆ ಭೂಮಿಯೇ ಬಹುಶಃ ಏಕೈಕ ಆಸ್ತಿ. ಅವರ ಅಗತ್ಯವೇನು – ಸಾಲ ತೀರಿಸುವುದೋ, ಮದುವೆಯೋ, ಬದಲಿ ಜಮೀನೋ – ಎಂದು ತಿಳಿದು ಕಂತುಗಳನ್ನು ಅದಕ್ಕೆ ಹೊಂದಿಸಿದರೆ ದರದ ಬಿಗಿ ತಾನಾಗಿ ಸಡಿಲಗೊಳ್ಳುತ್ತದೆ. ಮಾರಿದವರಿಗೆ ಮೋಸವಾಯಿತೆನಿಸಿದ ವ್ಯವಹಾರ ನ್ಯಾಯಾಲಯದ ಮೆಟ್ಟಿಲೇರುವ ಸಂಭವ ಹೆಚ್ಚು. ಉಭಯಪಕ್ಷಗಳೂ ಒಪ್ಪಿ ಮುಗಿಸಿದ ಕ್ರಯದ ಮೇಲೆ ಕಾರ್ಖಾನೆಯನ್ನು ನೆಮ್ಮದಿಯಿಂದ ಕಟ್ಟಬಹುದು.