ಬಿಡದ ಬ್ರೇಕು

ಚಾರ್ಮಾಡಿ ಘಾಟಿ ಇಳಿಯುವಾಗ, ಅಣ್ಣಪ್ಪ ಸ್ವಾಮಿ ಗುಡಿಗೆ ಇನ್ನೆರಡು ತಿರುವು ಇದೆ ಎನ್ನುವಲ್ಲಿ ಬ್ರೇಕ್ ಪೆಡಲ್ ಕಾಲಡಿ ಮೆತ್ತಗಾಯಿತು. ಕಳಿತ ಬಾಳೆಹಣ್ಣು ತುಳಿದ ಹಾಗೆ. ಇನ್ನೊಮ್ಮೆ ಒತ್ತಿದರೆ ತಳವನ್ನೇ ಮುಟ್ಟಿತು. ಗೇರನ್ನು ಸೆಕೆಂಡಿಗೆ ಎಳೆದು, ಹ್ಯಾಂಡ್ ಬ್ರೇಕ್ ಜಗ್ಗಿ, ಬೆಟ್ಟದ ಕಡೆಯ ಚರಂಡಿಗೆ ಚಕ್ರ ಇಳಿಸಿ ಹೇಗೋ ನಿಲ್ಲಿಸಿದೆ. ಮುಂದಿನ ಎಡಚಕ್ರದಿಂದ ಸುಟ್ಟ ಲೈನರ್ ವಾಸನೆ. ಹಿಂದಿನ ಸೀಟಿನಲ್ಲಿದ್ದ ಅಮ್ಮ, "ಟೀ ಕುಡಿಯೋಕೆ ನಿಲ್ಲಿಸಿದ್ಯೇನೋ?" ಅಂದರು. ಹೌದು ಅಂದೆ.

ಅರ್ಧ ಗಂಟೆ ಕಳೆದ ಮೇಲೆ ಪೆಡಲ್ ಒತ್ತಿದರೆ ಕಲ್ಲಿನಂತೆ ಗಟ್ಟಿ! ಏನೂ ಆಗಿಯೇ ಇಲ್ಲ ಎಂಬಂತೆ.

ಕಾರು ಅಪ್ಪ 1972ರಲ್ಲಿ ಕೊಂಡ ಮಾರ್ಕ್ ಟು ಅಂಬಾಸಿಡರ್. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ನಾಲ್ಕಕ್ಕೂ ಸೇರಿ ಒಂದೇ ಲೈನು. ಈಗಿನ ಕಾರುಗಳ ಹಾಗೆ ಎರಡು ಭಾಗವಿಲ್ಲ. ಎಲ್ಲಿ ಸೋರಿದರೂ ಪೂರ್ತಿ ಬ್ರೇಕು ಹೋದಂತೆಯೇ. ಉಳಿಯುವುದು ಹಿಂದಿನ ಚಕ್ರಗಳನ್ನು ಹಿಡಿಯುವ ಹ್ಯಾಂಡ್ ಬ್ರೇಕ್ ಮಾತ್ರ. ಇದು ಗೊತ್ತಿದ್ದುದರಿಂದಲೇ ನಾನು ದಾರಿ ತಪ್ಪಿದೆ. ಪೆಡಲ್ ಕೆಳಗೆ ಹೋಯಿತು ಎಂದರೆ ಎಲ್ಲೋ ಒತ್ತಡ ಸೋರುತ್ತಿದೆ, ಹಾಗಾಗಿ ಮಾಸ್ಟರ್ ಸಿಲಿಂಡರೇ ಹೋಗಿದೆ ಎಂದು ಮನೆಗೆ ಬರುವಷ್ಟರಲ್ಲಿ ತೀರ್ಪು ಕೊಟ್ಟಾಗಿತ್ತು.

ಈ ಕಾರಿನ ಮಾಸ್ಟರ್ ಸಿಲಿಂಡರ್ ಇರುವುದು ಡ್ರೈವರ್ ಕಾಲಡಿ, ನೆಲದ ಕೆಳಗೆ. ಮ್ಯಾಟು ಎತ್ತಿ, ಮುಚ್ಚಳ ತೆಗೆದು, ಮಿಕ್ಕ ಕೆಲಸವನ್ನು ಕಾರಿನಡಿ ಮಲಗಿ ಮಾಡಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಕಿಟ್ ತರಿಸಿದೆ. ಉತ್ತರಪಾರಾದ ಕಾರ್ಖಾನೆ 2014ರಲ್ಲೇ ನಿಂತರೂ ಅಂಬಾಸಿಡರ್ ಸಾಮಾನು ಹುಡುಕಿದರೆ ಇನ್ನೂ ಸಿಗುತ್ತದೆ. ಹೊಸ ಬಕೆಟ್‌ಗಳನ್ನು, ಅಂದರೆ ಸಿಲಿಂಡರಿನೊಳಗಿನ ರಬ್ಬರ್ ಸೀಲ್‌ಗಳನ್ನು, ಶುದ್ಧವಾಗಿರಲಿ ಎಂದು ಪೆಟ್ರೋಲಿನಲ್ಲಿ ತೊಳೆದೆ. ಮಡಿವಂತಿಕೆಯ ಫಲ ಹದಿನೈದೇ ದಿನಕ್ಕೆ ಸಿಕ್ಕಿತು. ರಬ್ಬರು ಊದಿಕೊಂಡು ಪಿಸ್ಟನ್ ಹಿಂದೆ ಬರಲಿಲ್ಲ. ಬ್ರೇಕಿನ ರಬ್ಬರಿಗೆ ಪೆಟ್ರೋಲು, ಸೀಮೆಎಣ್ಣೆ, ಎಂಜಿನ್ ಆಯಿಲ್ ಯಾವುದೂ ಆಗದು. ತೊಳೆಯುವುದಿದ್ದರೆ ಸ್ಪಿರಿಟ್ಟು, ಇಲ್ಲವೇ ಬ್ರೇಕ್ ಆಯಿಲ್ಲೇ. ಎರಡನೇ ಕಿಟ್‌ಗೆ ಮತ್ತೆ ದುಡ್ಡು. ಆಯಿಲ್ ತುಂಬುವಾಗ ಡಬ್ಬಿಯ ಹೊರಮೈಗೆ ಅಂಟಿದ್ದು ಮಡ್‌ಗಾರ್ಡಿಗೆ ತಾಗಿ, ಅಂಗೈಯಗಲ ಬಣ್ಣ ಸಿಪ್ಪೆಯಂತೆ ಎದ್ದುಬಂತು. ಅದು ಈಗಲೂ ಹಾಗೇ ಇದೆ.

ಮುಂದಿನ ಒಂದೊಂದು ಚಕ್ರಕ್ಕೂ ಎರಡೆರಡು ವೀಲ್ ಸಿಲಿಂಡರ್. ಅವನ್ನೂ ಬಿಚ್ಚಿದೆ. ಹೊಸ ಲೈನರ್ ಹೊಡೆಸಿದೆ, ಡ್ರಮ್ಮುಗಳನ್ನು ಲೇಥಿಗೆ ಹಾಕಿಸಿದೆ. ಡ್ರಮ್ಮಿನೊಳಗಿನ ಕಪ್ಪು ಪುಡಿಯನ್ನು ಊದಿ ತೆಗೆಯುವ ಅಭ್ಯಾಸ ನಮ್ಮ ಕಡೆ ಗ್ಯಾರೇಜುಗಳಲ್ಲಿ ಹೋಗಿಲ್ಲ. ಹಳೆಯ ಲೈನರುಗಳಲ್ಲಿ ಇರುವುದು ಕಲ್ನಾರು. ಆ ಪುಡಿ ಶ್ವಾಸಕೋಶಕ್ಕೆ ಹೋಗಬಾರದು. ಸೋಪಿನ ನೀರು ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸುವ ನನ್ನನ್ನು ನೋಡಿ ಲೇಥಿನ ಹುಡುಗ ನಕ್ಕ. ನಗಲಿ.

ಇಷ್ಟೆಲ್ಲ ಆಗಿ ಮತ್ತೆ ಕೊಟ್ಟಿಗೆಹಾರ ದಾಟಿ ಇಳಿದರೆ ಅದೇ ಕಥೆ, ಅದೇ ವಾಸನೆ, ಅದೇ ಎಡಚಕ್ರ.

ಕೊನೆಗೆ ಮೂಡಿಗೆರೆಯ ಒಬ್ಬ ವಯಸ್ಸಾದ ಮೇಸ್ತ್ರಿಯ ಹತ್ತಿರ ಹೋದೆ. ಅವರು ಬಾನೆಟ್ ಎತ್ತಲಿಲ್ಲ, ಕಾರಿನಡಿಗೆ ನುಸುಳಲೂ ಇಲ್ಲ. ಊರೊಳಗೆ ಒಂದು ಸುತ್ತು ಹೊಡೆಸಿ ತಂದು, ಎಡಚಕ್ರಕ್ಕೆ ಜಾಕ್ ಕೊಟ್ಟು, "ತಿರುಗಿಸಿ ನೋಡಿ ಸಾರ್" ಅಂದರು. ಎರಡೂ ಕೈ ಹಾಕಿ ಎಳೆದರೂ ಚಕ್ರ ಅಲ್ಲಾಡಲಿಲ್ಲ.

"ಬ್ರೇಕ್ ಹಿಡೀತಿಲ್ಲ ಅಂತ ಬಂದಿದ್ದೀರಿ. ಇದು ಬಿಡ್ತಾ ಇಲ್ಲ ಮಾರಾಯ್ರೆ."

ಆಮೇಲೆ ಅವರು ಮಾಡಿದ್ದು ಎರಡೇ ಕೆಲಸ. ರಬ್ಬರ್ ಹೋಸು ಕಬ್ಬಿಣದ ಪೈಪಿಗೆ ಸೇರುವ ಕಡೆ ನಟ್ಟನ್ನು ತುಸು ಸಡಿಲಿಸಿದರು. ಚಕ್ರ ಬಿಗಿಯಾಗಿಯೇ ಇತ್ತು. ಅದನ್ನು ಬಿಗಿದು, ಚಕ್ರದ ಹಿಂದಿನ ಬ್ಲೀಡಿಂಗ್ ನಿಪ್ಪಲ್ಲನ್ನು ಕಾಲು ಸುತ್ತು ತಿರುಗಿಸಿದರು. ಚಿಳ್ಳೆಂದು ಒಂದಿಷ್ಟು ಕಂದು ಬಣ್ಣದ ಆಯಿಲ್ ಹಾರಿತು. ಚಕ್ರ ತಾನಾಗಿ ಸಡಿಲವಾಯಿತು. ಮಾಸ್ಟರ್ ಸಿಲಿಂಡರಿನ ಕಡೆ ದಾರಿ ತೆರೆದರೂ ಒತ್ತಡ ಇಳಿಯಲಿಲ್ಲ, ಚಕ್ರದ ಕಡೆ ತೆರೆದಾಗ ಇಳಿಯಿತು. ಹಾಗಿದ್ದರೆ ಕಟ್ಟಿಕೊಂಡಿರುವುದು ಇವೆರಡರ ನಡುವಿನ ಒಂದು ಗೇಣಿನ ರಬ್ಬರ್ ಹೋಸು.

ನಾನು ಅನುಮಾನಿಸದೆ ಬಿಟ್ಟಿದ್ದು ಅದೊಂದೇ. ಹೊರಗೆ ಒಂದು ಬಿರುಕೂ ಇರಲಿಲ್ಲ, ಒರೆಸಿ ವಾಪಸ್ ಹಾಕಿದ್ದೆ. ಮೇಸ್ತ್ರಿ ಬ್ಲೇಡಿನಲ್ಲಿ ಅದನ್ನು ಉದ್ದಕ್ಕೆ ಸೀಳಿ ತೋರಿಸಿದರು. ಒಳಗೋಡೆ ಊದಿಕೊಂಡು, ಮಧ್ಯದ ತೂತು ಸೂಜಿಯ ಕಣ್ಣಿನಷ್ಟಾಗಿತ್ತು. ಕಾಲಿನ ಜೋರಿಗೆ ಆಯಿಲ್ ಅದರಲ್ಲಿ ತೂರಿಕೊಂಡು ಚಕ್ರ ತಲುಪುತ್ತದೆ. ವಾಪಸ್ ತಳ್ಳಬೇಕಾದದ್ದು ಶೂಗಳ ನಡುವಿನ ಸ್ಪ್ರಿಂಗು ಮಾತ್ರ. ಅದಕ್ಕೆ ಅಷ್ಟು ಜೋರು ಎಲ್ಲಿಂದ ಬರಬೇಕು? ಹಾಗಾಗಿ ನಾನು ಕಾಲೆತ್ತಿದ ಮೇಲೂ ಎಡಚಕ್ರ ಬ್ರೇಕು ಹಿಡಿದುಕೊಂಡೇ ಘಾಟಿ ಇಳಿಯುತ್ತಿತ್ತು. ಡ್ರಮ್ಮು ಕಾದು, ಪಕ್ಕದ ಆಯಿಲ್ ಕುದಿಯಿತು.

ಕುದಿಯುವುದಕ್ಕೂ ಒಂದು ಲೆಕ್ಕವಿದೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತಡೆಯಬೇಕು. ಆದರೆ ಅದು ಗಾಳಿಯ ತೇವವನ್ನು ಹೀರುವ ವಸ್ತು. ನೀರು ಕುಡಿದ ಮೇಲೆ 140 ತಡೆದರೆ ಸಾಕು ಎಂದು ಆ ಮಾನದಂಡವೇ ಒಪ್ಪುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ, ಅರ್ಧ ಖಾಲಿಯಾದ ಡಬ್ಬಿಯನ್ನು ಕಾಫಿ ಗೋದಾಮಿನಲ್ಲಿ ವರ್ಷವಿಡೀ ಇಟ್ಟುಕೊಂಡು ಅದರಿಂದಲೇ ತುಂಬಿದವನು ನಾನು. ಕುದ್ದ ಆಯಿಲ್ ಆವಿಯಾದರೆ ಪೆಡಲ್ ಆ ಆವಿಯನ್ನಷ್ಟೇ ಅಮುಕುತ್ತದೆ. ತಣಿದರೆ ಆವಿ ಮತ್ತೆ ಆಯಿಲ್, ಪೆಡಲ್ ಮತ್ತೆ ಗಟ್ಟಿ. ಅರ್ಧ ಗಂಟೆಯ ಪವಾಡ ಅಷ್ಟೇ.

ಮೂರೂ ಹೋಸು ಬದಲಾದವು. ಹಳೆಯ ಆಯಿಲ್ ಪೂರ್ತಿ ಹೊರಹಾಕಿ, ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಹಿಂದಿನ ಎಡಚಕ್ರದಿಂದ ಶುರುಮಾಡಿ ಗಾಳಿ ತೆಗೆದೆವು. ಪೆಡಲ್ ಮೇಲೆ ನಾನು, ನಿಪ್ಪಲ್ ಹತ್ತಿರ ಅವರು. "ಒತ್ತಿ... ಹಿಡೀರಿ... ಬಿಡಿ" ಎನ್ನುವುದನ್ನು ಕೇಳಿ ಕೇಳಿ, ರಾತ್ರಿ ನಿದ್ದೆಯಲ್ಲೂ ಕಾಲು ಆಡುತ್ತಿತ್ತು ಎಂದು ಮನೆಯಾಕೆಯ ದೂರು.

ಹೊರಡುವಾಗ ಮೇಸ್ತ್ರಿ, "ಹತ್ತೋ ಗೇರಲ್ಲೇ ಇಳೀರಿ" ಅಂದರು. ಅಪ್ಪನೂ ಇದನ್ನೇ ಹೇಳುತ್ತಿದ್ದರು.

ಮುಂದಿನ ವಾರ ಸೆಕೆಂಡ್ ಗೇರಿನಲ್ಲೇ ಇಳಿದು ಅಣ್ಣಪ್ಪ ಸ್ವಾಮಿ ಗುಡಿಯ ಮುಂದೆ ನಿಲ್ಲಿಸಿದೆ. ಕೆಳಗಿಳಿದು ಒಂದೊಂದೇ ಚಕ್ರದ ಹತ್ತಿರ ಬಗ್ಗಿ, ಅಂಗೈ ತಾಗಿಸಿ ಕಾವು ನೋಡುತ್ತ ಬಂದೆ. ಬಿಸಿ ಎರಡೂ ಕಡೆ ಒಂದೇ ಸಮ. ಬಸ್ಸಿನಿಂದ ಇಳಿದ ಅಜ್ಜಿಯೊಬ್ಬರು ನಾನು ಚಕ್ರಗಳಿಗೆ ನಮಸ್ಕಾರ ಮಾಡುತ್ತಿದ್ದೇನೆ ಅಂದುಕೊಂಡರೋ ಏನೋ, ಹತ್ತಿರ ಬಂದು ಕೇಳಿದರು: "ಹೊಸ ಗಾಡಿಯಾ ಮಗಾ?"