ಮಗುವಿನ ಮಂಡಿ ಹಿಡಿದುಕೊಂಡಾಗ

ಆಟ ಮುಗಿಸಿ ಬಂದ ಮಗ ‘ಮಂಡಿ ಲಾಕ್ ಆಯ್ತಮ್ಮ’ ಅಂದರೆ ಅವನನ್ನು ಅಂಗಾತ ಮಲಗಿಸಿ, ಎರಡೂ ಕಾಲು ಚಾಚಿಸಿ ನೋಡಿ. ಒಂದು ಮಂಡಿ ಹಾಸಿಗೆಗೆ ತಾಗದೆ ಮೇಲೇ ಉಳಿದು, ಎಷ್ಟು ಯತ್ನಿಸಿದರೂ ಕಾಲು ನೆಟ್ಟಗಾಗದಿದ್ದರೆ ಅದು ನಿಜವಾದ ಲಾಕ್ ಇರಬಹುದು. ಕೀಲಿನೊಳಗಿನ ಮೆತ್ತೆ, ಅಂದರೆ ಮೆನಿಸ್ಕಸ್, ಹರಿದಾಗ ಅದರ ತುಣುಕು ಬಾಗಿಲ ಸಂದಿಗೆ ಸಿಕ್ಕ ಬೆಣೆಯಂತೆ ಮೂಳೆಗಳ ನಡುವೆ ಕೂತುಬಿಡುತ್ತದೆ. ನೋವಿಗೆ ಸ್ನಾಯು ಬಿಗಿದುಕೊಂಡಾಗಲೂ ಹೀಗೇ ಕಾಣುವುದುಂಟು. ಎರಡನ್ನೂ ಬೇರ್ಪಡಿಸುವುದು ಮೂಳೆ ವೈದ್ಯರ ಕೆಲಸ. ನೀವು ಎಳೆದು ನೆಟ್ಟಗೆ ಮಾಡಲು ಹೋಗಬೇಡಿ.

‘ಮಂಡಿ ಕೈಕೊಡ್ತು, ಬಿದ್ದುಬಿಟ್ಟೆ’ ಅನ್ನುವುದು ಬೇರೆ ದೂರು. ಕಬಡ್ಡಿಯಲ್ಲೋ ಫುಟ್‌ಬಾಲಿನಲ್ಲೋ ಗಕ್ಕನೆ ತಿರುಗಿದಾಗ ‘ಟಪ್’ ಎಂದು, ಎರಡು ಮೂರು ಗಂಟೆಯೊಳಗೆ ಮಂಡಿ ಊದಿದ್ದರೆ ಒಳಗೆ ರಕ್ತ ತುಂಬಿರುವ ಸಂಭವ ಹೆಚ್ಚು. ಆಗ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಲಿಗಮೆಂಟ್ ಹರಿದಿದೆಯೇ, ಚಿಕ್ಕವರಲ್ಲಾದರೆ ಅದು ಅಂಟಿಕೊಂಡ ಮೂಳೆಯ ಚೂರೇ ಕಿತ್ತಿದೆಯೇ ಎಂದು ನೋಡಬೇಕಾಗುತ್ತದೆ. ಊತ ಮಾರನೆಯ ದಿನ ಮೆಲ್ಲಗೆ ಬಂದಿದ್ದರೆ ಮೆನಿಸ್ಕಸ್ ಮೇಲೆ ಅನುಮಾನ. ಹದಿವಯಸ್ಸಿನ ಹುಡುಗಿಯರಲ್ಲಿ ಮಂಡಿಚಿಪ್ಪು ಹೊರಗೆ ಜಾರಿ ತಾನಾಗಿಯೇ ಮರಳಿರುವುದೂ ಉಂಟು. ಬಂದು ನೋಡುವಷ್ಟರಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ. ಹಾಗಾಗಿ ಪೆಟ್ಟು ಹೇಗಾಯಿತು, ಊತ ಯಾವಾಗ ಬಂತು ಎಂಬುದನ್ನು ಬರೆದಿಟ್ಟುಕೊಳ್ಳಿ. ಎಷ್ಟೋ ಸಲ ಸ್ಕ್ಯಾನಿಗಿಂತ ಮೊದಲೇ ಆ ನಾಲ್ಕು ಸಾಲು ಕಾರಣದತ್ತ ಬೆರಳು ತೋರಿಸುತ್ತವೆ.

ಪೆಟ್ಟೇ ಆಗದೆ ಮಂಡಿ ‘ಕಟಕ್’ ಎನ್ನುವ ಪುಟ್ಟ ಮಕ್ಕಳಿದ್ದಾರೆ. ಹುಟ್ಟಿನಿಂದಲೇ ಮೆನಿಸ್ಕಸ್ ಅರ್ಧಚಂದ್ರದ ಬದಲು ಬಿಲ್ಲೆಯಾಕಾರದಲ್ಲಿದ್ದರೆ ಹೀಗಾಗುತ್ತದೆ. ಹತ್ತು ದಾಟಿದವರಲ್ಲಿ ಮೂಳೆಯ ತುದಿಯ ಚೂರೊಂದು ಸಡಿಲಾಗಿ ಕೀಲಿನೊಳಗೆ ಓಡಾಡುವುದೂ ಉಂಟು. ಇನ್ನು ಸೊಂಟದ ಕೀಲು ಕೆಟ್ಟಿದ್ದರೂ ಮಗು ಮಂಡಿಯನ್ನೇ ತೋರಿಸಬಹುದು; ವೈದ್ಯರು ಸೊಂಟ ಮುಟ್ಟಿ ನೋಡದಿದ್ದರೆ ನೀವೇ ಕೇಳಿ.

ಮಂಡಿ ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಮೆನಿಸ್ಕಸ್ ಕಾಣದು. ‘ಎಕ್ಸ್‌ರೇ ನಾರ್ಮಲ್’ ಎಂದ ಮೇಲೂ ಕಾಲು ನೆಟ್ಟಗಾಗದಿದ್ದರೆ ಎಂಆರ್‌ಐ ಬೇಕು. ನಮ್ಮ ಕೋಲಾರದ ಕಡೆ ಉಳುಕಿದರೂ ಮುರಿದರೂ ಮೂಳೆ ಕಟ್ಟಿಸಲು ಆಂಧ್ರದ ಪುತ್ತೂರಿಗೆ ಹೋಗುವ ರೂಢಿಯಿದೆ. ಹಿರಿಯರ ನಂಬಿಕೆಗೆ ಗೌರವವಿದೆ, ಆದರೆ ಕೀಲಿನೊಳಗೆ ಸಿಕ್ಕಿಕೊಂಡ ಮೆನಿಸ್ಕಸ್ ಹೊರಗಿನ ಕಟ್ಟಿನಿಂದ ಬಿಡಿಸಿಕೊಳ್ಳುವುದಿಲ್ಲ. ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿದರೆ ಹರಿದದ್ದು ಇನ್ನಷ್ಟು ಹರಿಯಬಹುದು.

ಹರಿದ ಮೆನಿಸ್ಕಸ್ ಹೊಲಿಯುವುದು ಹೊಸದಲ್ಲ: ಕೋಲಾರದ ಚಿನ್ನದ ಗಣಿಗಳು ಇನ್ನೂ ಆರಂಭದ ಹಂತದಲ್ಲಿದ್ದ 1883ರಲ್ಲೇ ಎಡಿನ್‌ಬರೋದ ಶಸ್ತ್ರಚಿಕಿತ್ಸಕ ಥಾಮಸ್ ಅನ್ನಂಡೇಲ್ ಕಿತ್ತುಬಂದ ಮೆನಿಸ್ಕಸ್ಸನ್ನು ಹೊಲಿದಿದ್ದರು. ರೋಗಿ ಒಬ್ಬ ಗಣಿ ಕಾರ್ಮಿಕ. ಆಮೇಲೆ ದಶಕಗಟ್ಟಲೆ ಹರಿದ ಮೆನಿಸ್ಕಸ್ಸನ್ನು ಪೂರ್ತಿ ತೆಗೆದುಹಾಕುವುದೇ ರೂಢಿಯಾಯಿತು, ಅಂಥ ಮಂಡಿಗಳು ಬೇಗ ಸವೆದವು. ಈಗ ಮಕ್ಕಳಲ್ಲಿ ಸಾಧ್ಯವಾದಷ್ಟು ಹೊಲಿದು ಉಳಿಸುತ್ತಾರೆ. ಅದಕ್ಕೆ ತಡಮಾಡಬಾರದು: ಲಾಕ್ ಆದ ಮಂಡಿಯನ್ನು ಒಂದೆರಡು ದಿನದಲ್ಲೇ ತೋರಿಸಿ. ಕೋಲಾರದ ಟಮಕದಲ್ಲಿ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇದೆ. ಬಂಗಾರಪೇಟೆ ದಾಟಿ ಬೆಂಗಳೂರಿಗೇ ಹೋಗುವವರಿಗೆ ಜಯನಗರದ ಸರ್ಕಾರಿ ಸಂಜಯ್ ಗಾಂಧಿ ಮೂಳೆ ಆಸ್ಪತ್ರೆ. ಅಲ್ಲಿಯವರೆಗೆ ಆಟ ಬೇಡ. ಬಟ್ಟೆಯಲ್ಲಿ ಸುತ್ತಿದ ಐಸ್ ಹದಿನೈದು ನಿಮಿಷ ಇಡಿ, ಕಾಲ ಕೆಳಗೆ ದಿಂಬು ಕೊಡಿ.

ಜ್ವರದ ಜೊತೆ ಮಂಡಿ ಊದಿ, ಮಗು ಕಾಲೂರಲಾರದೆ ಹೋದರೆ ಮಾತ್ರ ಬೆಳಗಿನ ರೈಲಿಗೆ ಕಾಯಬೇಡಿ. ಕೀಲಿನಲ್ಲಿ ಕೀವಾಗಿರಬಹುದು, ರಾತ್ರಿಯೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.